ಹೊಗೆಯ ಚಿನ್ನ

ನಮ್ಮ ಭಾವನಿಗೆ ಕಾರ್ಖಾನೆಯಲ್ಲಿ ತಿದಿ, ಅಂದರೆ ಕುಲುಮೆಗೆ ಗಾಳಿ ಊದುವ ಚೀಲ, ಎಂದು ಅಡ್ಡಹೆಸರು. ಅಕ್ಕನ ಗಂಡನನ್ನು ಬೇರೆಯವರು ಹಾಗೆ ಕರೆದರೆ ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ ನೋಡಿದರೆ ಅವರಿಗೇ ಆ ಹೆಸರಿನ ಮೇಲೆ ಒಳಗೊಳಗೆ ಹೆಮ್ಮೆ. ಒಡವೆ ಮಾಡುವ ಆ ಕಾರ್ಖಾನೆಯಲ್ಲಿ ಬೆಸುಗೆ ಹಾಕುವುದು ಅವರ ಕೆಲಸ. ದೀಪದ ಮುಂದೆ ಕೂತು ಊದುಗೊಳವೆಯನ್ನು ತುಟಿಗಿಟ್ಟರೆ ಸರದ ಕೊಂಡಿ ಕೂಡುವವರೆಗೆ ಅವರ ಉಸಿರು ಕಡಿಯುತ್ತಿರಲಿಲ್ಲ. ಕೆನ್ನೆಯಲ್ಲಿ ತುಂಬಿಟ್ಟ ಗಾಳಿ ಮುಗಿಯುವ ಮುಂಚೆಯೇ ಮೂಗಿನಿಂದ ಹೊಸ ಗಾಳಿ ಎಳೆದುಕೊಂಡಿರುತ್ತಿದ್ದರು. ಜ್ವಾಲೆ ಒಮ್ಮೆಯೂ ಅಲುಗದೆ ಬಿದ್ದ ಜಾಗದಲ್ಲೇ ಬೀಳುತ್ತಿತ್ತು. ಬಂದ ಗಿರಾಕಿಗಳನ್ನು ಯಜಮಾನರು ಒಳಗೆ ಕರೆತಂದು ಅದನ್ನು ತೋರಿಸುತ್ತಿದ್ದರು. ಆ ಹೊಸ ಗಾಳಿ ಎಲ್ಲಿಂದ ಬರುತ್ತದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಮೂಗಿನ ಕೆಳಗೇ ಬೆಸುಗೆ ಹೊಗೆಯಾಡುತ್ತಿರುವಾಗ ಅದು ಬೇರೆಲ್ಲಿಂದ ಬರಬೇಕು?

ನಾನು ಅದೇ ಕಾರ್ಖಾನೆಯಲ್ಲಿ ಒಡವೆಗೆ ಮೆರುಗು ಕೊಡುವವಳು. ನನ್ನ ಗಂಡ ಲಾರಿ ಓಡಿಸುತ್ತಾನೆ, ಮನೆಗಿಂತ ರಸ್ತೆಯಲ್ಲಿರುವುದೇ ಹೆಚ್ಚು. ಸುಮ್ಮನೆ ಕೂತರೆ ನೀನು ಗೋಡೆಯ ಜೊತೆಗೂ ಜಗಳಕ್ಕಿಳಿಯುತ್ತೀಯ ಎಂದು ಹೇಳಿ ಭಾವನೇ ನನ್ನನ್ನು ಅಲ್ಲಿಗೆ ಸೇರಿಸಿದರು. ನನ್ನ ಯಂತ್ರದಲ್ಲಿ ಒಂದು ಬುರುಶು ಗಿರಗಿರ ತಿರುಗುತ್ತದೆ. ಅದರ ಹಿಂದೆ ಧೂಳು ಹೀರುವ ಕೊಳವೆ, ಕೊಳವೆಯ ತುದಿಗೆ ಬಟ್ಟೆಯ ಚೀಲ. ಅದನ್ನು ನನ್ನ ಆರೋಗ್ಯಕ್ಕೆಂದು ಇಟ್ಟಿದ್ದಾರೆ ಎಂದು ಹೊಸದರಲ್ಲಿ ನಾನು ನಂಬಿ, ಯಜಮಾನರ ಬಗ್ಗೆ ಅಕ್ಕನ ಹತ್ತಿರ ಒಳ್ಳೆಯ ಮಾತಾಡಿದ್ದೆ. ಪೆದ್ದಿ ನಾನು. ಒಡವೆ ಉಜ್ಜುವಾಗ ಹಾರುವ ಧೂಳಿನಲ್ಲಿ ಚಿನ್ನ ಇರುತ್ತದೆ. ತಿಂಗಳ ಕೊನೆಗೆ ಆ ಚೀಲವನ್ನು ಸುಟ್ಟು, ಬೂದಿಯನ್ನು ಬಿಳಿಗಾರದ ಜೊತೆ ಮೂಸೆಯಲ್ಲಿ ಕರಗಿಸಿದರೆ ತಳದಲ್ಲಿ ಒಂದು ಗುಂಡು ಉಳಿಯುತ್ತದೆ. ಸುಡುವ ಕೆಲಸವೂ ನನ್ನದೇ. ಚಿನ್ನಕ್ಕೆ ಹಾಕಿದ ಬಲೆಯಲ್ಲಿ ನನ್ನ ಎದೆಗೂಡೂ ಬದುಕಿಕೊಂಡಿತು, ಅಷ್ಟೇ.

ಬೆಸುಗೆಯವರ ಸಾಲಿಗೆ ಅಂಥದ್ದೇನೂ ಇರಲಿಲ್ಲ. ಹೊಗೆಯಲ್ಲಿ ಚಿನ್ನವಿಲ್ಲವಲ್ಲ. ಗಾಳಿ ಬಂದಾಗ ತೂರಿಕೋ ಎಂದು ಲೋಕ ಹೇಳುತ್ತದೆ, ನಮ್ಮಲ್ಲಿ ಗಾಳಿ ಬಂದರೆ ಕಿಟಕಿ ಮುಚ್ಚಿಕೋ ಎನ್ನುತ್ತಾರೆ. ಆ ಉದ್ದನೆಯ ಕೋಣೆಯಲ್ಲಿ ಛಾವಣಿಗೆ ಫ್ಯಾನಿಲ್ಲ. ಕಿಟಕಿಯ ಸಂದುಗಳಿಗೆಲ್ಲ ಕಾಗದ ಅಂಟಿಸಿದೆ. ಕೆಲಸ ಮುಗಿಸಿ ಹೊರಡುವಾಗ ಕೈಕಾಲು ತೊಳೆದ ನೀರನ್ನೂ ಚೆಲ್ಲುವ ಹಾಗಿಲ್ಲ, ಅದು ತೊಟ್ಟಿಗೆ ಹೋಗಿ ತಳಕ್ಕೆ ಕೂರಬೇಕು. ಗುಡಿಸಿದ ಕಸ, ಸವೆದ ಚಾಪೆ, ಹರಿದ ಅಂಗಿ, ಎಲ್ಲವೂ ಒಂದಲ್ಲ ಒಂದು ದಿನ ಮೂಸೆಗೆ ಹೋಗುತ್ತವೆ. ಗಾಳಿ ಅಲ್ಲಿ ಕಳ್ಳನಿದ್ದ ಹಾಗೆ. ಯಜಮಾನರು ಕೆಟ್ಟವರೇನಲ್ಲ, ಹುಷಾರಿಲ್ಲ ಎಂದರೆ ರಜೆ ಕೊಡುತ್ತಾರೆ, ಮನೆಯವರನ್ನು ವಿಚಾರಿಸುತ್ತಾರೆ. ಆದರೆ ತಕ್ಕಡಿಯಲ್ಲಿ ಕೂರದ ಯಾವ ವಸ್ತುವೂ ಅವರ ಕಣ್ಣಿಗೆ ಬೀಳುವುದಿಲ್ಲ. ಕೆಮ್ಮನ್ನು ತೂಗುವುದು ಹೇಗೆ?

ಬೆಸುಗೆ ಬೇಗ ಕರಗಲೆಂದು ಅದರಲ್ಲಿ ಕ್ಯಾಡ್ಮಿಯಂ ಬೆರೆಸುತ್ತಿದ್ದರು. ಕಾಯಿಸಿದ ಕೂಡಲೇ ಅದೇ ಮೊದಲು ಎದ್ದು ಹೋಗುತ್ತದೆ, ಕಂದು ಬಣ್ಣದ ತೆಳುವಾದ ಹೊಗೆಯಾಗಿ. ಭಾವನ ಪಕ್ಕದಲ್ಲಿ ಇನ್ನೂ ಇಬ್ಬರು ಕೂರುತ್ತಿದ್ದರು. ಒಬ್ಬ ಯಾವಾಗಲೂ ಏನಾದರೊಂದು ಗುನುಗುತ್ತಿದ್ದುದರಿಂದ ಗುನುಗ, ಇನ್ನೊಬ್ಬ ದಪ್ಪ ಕನ್ನಡಕದವನು. ಮೂವರಿಗೂ ಸಂಜೆಯಾದರೆ ಬಾಯಲ್ಲಿ ತಾಮ್ರದ ರುಚಿ, ಮೈಯಲ್ಲಿ ಸಣ್ಣ ಚಳಿ. ಮೊದಲು ಗುನುಗನ ಗುನುಗು ನಿಂತಿತು. ಆಮೇಲೆ ಭಾವ ಮೆಟ್ಟಿಲ ನಡುವೆ ನಿಲ್ಲತೊಡಗಿದರು. ಕಾರ್ಖಾನೆ ಇರುವುದು ಮೇಲಿನ ಮಹಡಿಯಲ್ಲಿ. ಚಪ್ಪಲಿಯ ಉಂಗುಷ್ಠ ಸರಿ ಮಾಡಿಕೊಳ್ಳುವವರ ಹಾಗೆ ಅರ್ಧ ದಾರಿಯಲ್ಲಿ ಬಗ್ಗಿ ನಿಲ್ಲುತ್ತಿದ್ದರು. ಚಪ್ಪಲಿ ಅಷ್ಟು ಸಲ ಸರಿಮಾಡಬೇಕಾದರೆ ಹೊಸದು ತಗೊಳ್ಳಿ ಎಂದು ನಾನು ರೇಗಿಸಿದೆ. ಅವರು ನಕ್ಕರು, ಆದರೆ ನಗುವುದಕ್ಕೂ ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಡಾಕ್ಟರು ಎದೆಯ ಚಿತ್ರ ತೆಗೆಸಿ, ಒಳಗಿನ ಗೂಡು ಬಿಗಿದುಕೊಂಡಿದೆ, ಕೆಲಸ ಬಿಡಿ ಎಂದರು. ಅಕ್ಕ ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳೆ. ನನ್ನ ಹೊಲಿಗೆಯಲ್ಲೇ ಹೇಗೋ ನಡೆಯುತ್ತದೆ, ನೀವು ಬಿಟ್ಟುಬಿಡಿ ಎಂದು ಅವಳೂ ಹೇಳಿದಳು. ಭಾವ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು. ಅವರಿಗೆ ಬೇರೆ ಯಾವ ಕೆಲಸವೂ ಬರುತ್ತಿರಲಿಲ್ಲ ಎನ್ನುವುದು ಒಂದು. ಇನ್ನೊಂದನ್ನು ನಾನು ಹೇಳಿದರೆ ಅಕ್ಕನಿಗೆ ಸಿಟ್ಟು ಬರುತ್ತದೆ: ಅವರಿಗೆ ಆ ಕೆಲಸ ಇಷ್ಟವಿತ್ತು. ಬೆಸುಗೆ ಕರಗಿ ಸಂದಿಗೆ ಹರಿಯುವ ಒಂದು ಕ್ಷಣವಿದೆ, ಪಳಕ್ಕೆಂದು ಹೊಳೆಯುತ್ತದೆ. ಅದನ್ನು ಕಂಡಾಗ ಅವರ ಮುಖ ನೋಡಬೇಕಿತ್ತು.

ಫ್ಯಾನು ಬಂದದ್ದು ತಕ್ಕಡಿಯ ದೆಸೆಯಿಂದ. ಮೂಲೆಯಲ್ಲಿ ಒಡವೆಗಳನ್ನು ಆಸಿಡ್ಡಿನಲ್ಲಿ ಅದ್ದಿ ತೊಳೆಯುವ ಜಾಗವಿತ್ತು. ಅದರ ಹಬೆ ತಾಗಿ ಯಜಮಾನರ ತಕ್ಕಡಿಯ ದಂಡಿಗೆ ತುಕ್ಕು ಹಿಡಿಯಿತು. ಮನುಷ್ಯರು ವರ್ಷಗಟ್ಟಲೆ ಕೆಮ್ಮಿದಾಗ ಆಗದ ಕೆಲಸ ತಕ್ಕಡಿಗೆ ಕೆಮ್ಮು ಬಂದ ವಾರದಲ್ಲೇ ಆಯಿತು. ಯಾವುದೋ ಮುಚ್ಚಿದ ಹೋಟೆಲಿನ ಅಡುಗೆಮನೆಯಿಂದ ಬಿಚ್ಚಿ ತಂದ, ಹೊಗೆಯನ್ನು ಹೊರಗೆಳೆದು ಹಾಕುವ ದೊಡ್ಡ ಫ್ಯಾನನ್ನು ಆ ಮೂಲೆಯ ಗೋಡೆಗೆ ಕೂರಿಸಿದರು. ಆಗ ಭಾವ ಯಜಮಾನರ ಹತ್ತಿರ ಹೋಗಿ, ಹೇಗೂ ಫ್ಯಾನು ತಿರುಗುತ್ತದೆ, ಅದರಿಂದ ಒಂದು ತಗಡಿನ ಕೊಳವೆಯನ್ನು ನಮ್ಮ ಸಾಲಿಗೂ ಎಳೆಸಿ ಎಂದು ಕೇಳಿಕೊಂಡರು. ಒಳ್ಳೆಯ ಮನಸ್ಸಿನಲ್ಲಿದ್ದರೋ ಏನೋ, ಯಜಮಾನರು ಒಪ್ಪಿಬಿಟ್ಟರು.

ತಗಡಿನ ಕೆಲಸದವನು ಬಂದು ಬೆಸುಗೆಯವರ ತಲೆಯ ಮೇಲೆ, ಒಲೆಯ ಮೇಲೆ ಹಾಕುವ ಹಾಗೆ, ಒಂದು ದೊಡ್ಡ ಬೋರಲು ಡಬ್ಬ ಇಳಿಬಿಟ್ಟು ಹೋದ. ಅದು ಹೊಗೆಯನ್ನು ಚೆನ್ನಾಗಿಯೇ ಎಳೆಯುತ್ತಿತ್ತು. ಆದರೆ ದೀಪದಿಂದ ಎದ್ದ ಹೊಗೆ ಡಬ್ಬ ಸೇರುವ ದಾರಿಯಲ್ಲಿ ಬಗ್ಗಿ ಕೂತವನ ಮೂಗು ಸಿಗುತ್ತದಲ್ಲ. ಮೊದಲಿಗಿಂತ ಹೆಚ್ಚಾಗಿಯೇ ಮೂವರೂ ಕೆಮ್ಮಿದರು. ಭಾವ ಬತ್ತಿಯೊಂದನ್ನು ಹೊತ್ತಿಸಿ ಆರಿಸಿ, ಅದರ ಹೊಗೆ ಎಲ್ಲಿ ಹೋಗುತ್ತದೆಂದು ಕೂತಲ್ಲೇ ನೋಡಿದರು, ನೇರ ಅವರ ಮೀಸೆಯೊಳಗೆ ಹೋಯಿತು. ತಗಡಿನವನನ್ನು ಮತ್ತೆ ಕರೆಸಿದರು. ಅವನು ಗೊಣಗಿಕೊಂಡೇ ಡಬ್ಬವನ್ನು ಕಿತ್ತು, ಮೇಜಿನ ಹಿಂಬದಿಗೆ, ಜ್ವಾಲೆಯ ಮಟ್ಟಕ್ಕೆ, ಉದ್ದಕ್ಕೆ ಒಂದು ಸೀಳುಬಾಯಿ ಮಾಡಿ ಕೂರಿಸಿದ. ಹೊಗೆ ಈಗ ಮುಖದ ಕಡೆ ಬರದೆ ಮುಂದಕ್ಕೆ ಬಾಗಿ ಸೀಳಿನೊಳಗೆ ಹೋಗತೊಡಗಿತು. ಜ್ವಾಲೆಯೂ ಬಾಗುತ್ತದೆಂದು ಕನ್ನಡಕದವನು ತಕರಾರು ತೆಗೆದ. ಅದಕ್ಕೆ ಭಾವ ಎರಡು ಇಟ್ಟಿಗೆಯ ಅಡ್ಡ ಕಟ್ಟಿಕೊಟ್ಟರು.

ಕೆಲವೇ ವಾರ. ಯಜಮಾನರು ಒಂದು ದಿನ ಆ ಸಾಲಿಗೆ ಬಂದು ಸೀಳಿನ ಮುಂದೆ ಅಂಗೈ ಹಿಡಿದರು. ಗಾಳಿ ಎಳೆಯುವುದು ಕೈಗೆ ತಾಗಿತು. ಅವರ ಮುಖದ ಬಣ್ಣ ಬದಲಾಯಿತು. ಸಂದುಗೊಂದನ್ನೆಲ್ಲ ಮುಚ್ಚಿಸಿ, ಕೊನೆಗೆ ತಾನೇ ಕಳ್ಳನಿಗೆ ಬಾಗಿಲು ತೆರೆದಿಟ್ಟೆನಲ್ಲ ಎಂದು ಅನಿಸಿರಬೇಕು. ಅಲ್ಲೇ ಗುಂಡಿ ಒತ್ತಿ ಫ್ಯಾನು ನಿಲ್ಲಿಸಿದರು. ತಕ್ಕಡಿಯನ್ನು ಬೇರೆ ಕೋಣೆಗೆ ಸಾಗಿಸುವುದಾಗಿಯೂ, ಫ್ಯಾನನ್ನು ಬಿಚ್ಚಿ ಮಾರುವುದಾಗಿಯೂ ಹೇಳಿದರು. ಗುನುಗ ಎದ್ದು ಹೊರಗೆ ಹೋದ. ಭಾವ ಕೂತಲ್ಲಿಂದ ಏಳಲಿಲ್ಲ, ಊದುಗೊಳವೆಯನ್ನು ಒರೆಸುತ್ತಾ ಹೇಳಿದರು:

"ಯಜಮಾನ್ರೇ, ನೀವು ಹೆದ್ರೋದು ಸರೀನೇ. ಹೊಗೇಲೂ ಚಿನ್ನ ಹೋಗತ್ತೆ. ಸೀಳಿನ ಬಾಯಿಗೆ ಒಂದು ಬಟ್ಟೆ ಕಟ್ಟಿ, ಒಂದು ತಿಂಗಳು ಓಡ್ಸಿ. ತಿಂಗಳಾದ್ಮೇಲೆ ಸುಟ್ಟು ನೋಡೋಣ. ಏನೂ ಸಿಗ್ಲಿಲ್ಲ ಅಂದ್ರೆ ಕರೆಂಟು ದಂಡ, ನಾನೇ ಬಿಚ್ಚಿಕೊಡ್ತೀನಿ."

ಹೊಗೆಯಲ್ಲಿ ಚಿನ್ನ ಹೋಗುವುದಿಲ್ಲ ಎಂದು ನಮ್ಮ ಭಾವನಿಗೆ ಗೊತ್ತಿಲ್ಲದೆ ಇರಲಿಲ್ಲ. ಹೊಟ್ಟೆಪಾಡಿಗೆ ಸುಳ್ಳು ಹೇಳದ ಮನುಷ್ಯ ಉಸಿರಿಗಾಗಿ ಹೇಳುತ್ತಿದ್ದಾರೆ ಎಂದುಕೊಂಡು ನಾನು ಬಾಯಿ ಮುಚ್ಚಿಕೊಂಡಿದ್ದೆ. ಒಂದು ತಿಂಗಳಾದರೂ ನೆಮ್ಮದಿಯಾಗಿ ಉಸಿರಾಡಲಿ, ಆಮೇಲೆ ಹೇಗೂ ಇದ್ದೇ ಇದೆ.

ತಿಂಗಳು ಮುಗಿಯಿತು. ಬಟ್ಟೆ ಮಸಿ ಹಿಡಿದು ಕಪ್ಪಾಗಿತ್ತು. ನಾನು ಅದನ್ನು ಸುಟ್ಟು, ಬೂದಿ ಕರಗಿಸಿ, ಎಲ್ಲರೂ ಸುತ್ತ ನಿಂತು ನೋಡುತ್ತಿರುವಾಗ ಮೂಸೆಯನ್ನು ಬಗ್ಗಿಸಿದೆ. ಗಸಿಯ ಜೊತೆ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಗುಂಡು ಉರುಳಿ ಬಂತು. ಯಜಮಾನರು ಅದನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಆಮೇಲೆ ಮೂವರು ಬೆಸುಗೆಯವರನ್ನೂ ಒಬ್ಬೊಬ್ಬರಾಗಿ ನೋಡಿದರು.

"ಅಂದ್ರೆ, ಇಷ್ಟು ವರ್ಷ ನನ್ನ ಚಿನ್ನಾನ ನೀವೆಲ್ಲ ಉಸಿರಾಡ್ತಾ ಇದ್ರಿ."

ಅದನ್ನು ಅವರು ತಮಾಷೆಗೆ ಹೇಳಲಿಲ್ಲ. ನಿಜವಾಗಿಯೂ ಅವರಿಗೆ ನೋವಾಗಿತ್ತು. ಅಂದಿನಿಂದ ಫ್ಯಾನು ನಿಲ್ಲಿಸಿದವನಿಗೆ ಬೈಗುಳ ಶುರುವಾಯಿತು. ಊಟದ ಹೊತ್ತಿನಲ್ಲಿಯೂ ಅದು ತಿರುಗಬೇಕು, ಯಾರಾದರೂ ಮರೆತರೆ ಯಜಮಾನರೇ ಓಡಿಬಂದು ಗುಂಡಿ ಒತ್ತುವರು. ಗುಂಡನ್ನು ಒರೆಗಲ್ಲಿಗೆ ತಿಕ್ಕಿ ನೋಡಿದರು. ನಮ್ಮ ಕಾರ್ಖಾನೆಯ ಚಿನ್ನಕ್ಕಿಂತ ಅದು ಸ್ವಲ್ಪ ಕೆಂಪಗಿತ್ತು. ಅದಕ್ಕೂ ಅವರೇ ಒಂದು ಕಾರಣ ಕಟ್ಟಿದರು: ಹೊಗೆಯಲ್ಲಿ ಬೆಂದ ಚಿನ್ನ ಕೆಂಪಗಾಗುತ್ತದಂತೆ. ಬೀದಿಯ ಇತರ ಕಾರ್ಖಾನೆಯವರಿಗೂ ಇದನ್ನು ಹೇಳಿಕೊಂಡು ಬಂದರು. ಹೊಟ್ಟೆಕಿಚ್ಚಿಗೆ ಅವರಲ್ಲಿ ಇಬ್ಬರು ಫ್ಯಾನು ಹಾಕಿಸಿದರು. ಅವರ ಬಟ್ಟೆಯಲ್ಲಿ ಬೂದಿ ಬಿಟ್ಟು ಬೇರೇನೂ ಸಿಗಲಿಲ್ಲ. ನಿಮ್ಮ ಕೊಳವೆ ಸರಿಯಿಲ್ಲ, ನಮ್ಮ ತಿದಿಯನ್ನು ಕಳಿಸುತ್ತೇನೆ, ನೋಡಿ ಸರಿಮಾಡಿಕೊಡುತ್ತಾನೆ ಎಂದು ಯಜಮಾನರು ಧೈರ್ಯ ಹೇಳಿದರು. ಭಾವ ಅಲ್ಲಿಗೂ ಹೋಗಿ ಇಟ್ಟಿಗೆಯ ಅಡ್ಡ ಕಟ್ಟಿಕೊಟ್ಟು ಬಂದರು.

ನನಗೆ ಅನುಮಾನ ಹುಟ್ಟಿದ್ದು ಮುಂದಿನ ಸಲ ಬಟ್ಟೆ ಬಿಚ್ಚಿದಾಗ. ಧೂಳು ಹೀರಿದ ಚೀಲ ಸುಡುವುದೇ ನನ್ನ ಬಾಳಾಗಿದೆ, ಗಾಳಿ ತಂದ ಪುಡಿ ಹೇಗಿರುತ್ತದೆಂದು ನನಗೆ ಗೊತ್ತು. ಅದು ಬಟ್ಟೆಯ ತುಂಬ ಹರಡಿ, ಎಳೆಗಳ ನಡುವೆ ಸೇರಿಕೊಂಡು ಕಣ್ಣಿಗೇ ಕಾಣುವುದಿಲ್ಲ. ಇಲ್ಲಿ ಒಂದು ಮೂಲೆಯ ಮಡಿಕೆಯಲ್ಲಿ ಮಾತ್ರ, ಉಪ್ಪಿನ ಚಿಟಿಕೆ ಉದುರಿಸಿದ ಹಾಗೆ, ಪುಡಿ ಕೂತಿತ್ತು. ಕೈಗೆ ತಾಗಿಸಿದರೆ ತರಿತರಿ. ಅರದಿಂದ ಉಜ್ಜಿ ತೆಗೆದ ಪುಡಿ ಹಾಗಿರುತ್ತದೆ. ಅದರ ಬಣ್ಣವನ್ನೂ ನಾನು ಎಲ್ಲೋ ನೋಡಿದ್ದೆ.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ಭಾವನ ಕೈ ನೋಡಿದೆ. ಮದುವೆಯಾದ ವರ್ಷ ಅವರು ಒಂದೇ ಸಲಾಕೆಯನ್ನು ಎರಡು ತುಂಡು ಮಾಡಿ ತಮಗೊಂದು, ಅಕ್ಕನಿಗೊಂದು ಉಂಗುರ ಮಾಡಿದ್ದರು. ಹೊಸ ಕೈಯ ಉತ್ಸಾಹದಲ್ಲಿ ತಾಮ್ರ ಸ್ವಲ್ಪ ಹೆಚ್ಚು ಬೆರೆಸಿದ್ದರಿಂದ ಆ ಜೋಡಿ ಎಲ್ಲರ ಉಂಗುರಕ್ಕಿಂತ ಕೆಂಪು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡುವುದಿಲ್ಲ ಎನ್ನುವ ಗಾದೆ ಹೇಳಿ, ನಮ್ಮಕ್ಕನ ಪಾಲಿನ ಚಿನ್ನ ಕದ್ದು ತಾಮ್ರ ತುಂಬಿಸಿದ್ದೀರಿ ಎಂದು ನಾನು ಅವರನ್ನು ಎಷ್ಟು ಕಾಡಿದ್ದೇನೋ ಲೆಕ್ಕವಿಲ್ಲ. ಆ ದಪ್ಪ ಉಂಗುರ ಈಗ ಒಂದು ಸುತ್ತು ಇಳಿದಿತ್ತು.

"ಭಾವ, ನಿಮ್ಮ ಉಂಗುರ ಸಣ್ಣ ಆಗ್ತಾ ಇದೆ," ಎಂದೆ.

"ನಾನೂ ಆಗ್ತಾ ಇದೀನಲ್ಲ. ಜೋಡಿ ಸರಿಹೋಯ್ತು."

ನಾನು ನಗಲಿಲ್ಲ. ಅವರು ಡಬ್ಬಿಯ ಮುಚ್ಚಳ ಹಾಕಿ, ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು, ಮೆಲ್ಲಗೆ ಹೇಳಿದರು: "ಅಕ್ಕನಿಗೆ ಹೇಳಬೇಡ. ನನ್ನ ಕಥೆ ಆಗಿಹೋಯ್ತು, ಅದು ನನಗೂ ಗೊತ್ತು. ಗುನುಗ ಮತ್ತೆ ಹಾಡ್ತಾ ಇದಾನೆ, ಕೇಳ್ಸತ್ತಾ?"

ಕೇಳಿಸುತ್ತಿತ್ತು. ಸಾಲಿನ ಆ ತುದಿಯಲ್ಲಿ ಅವನು ಅದೇ ಅರ್ಧ ಹಾಡನ್ನು, ಅದೇ ತಪ್ಪು ರಾಗದಲ್ಲಿ, ಬಹಳ ದಿನಗಳ ಮೇಲೆ ಗುನುಗುತ್ತಿದ್ದ. ನನಗೆ ಭಾವನ ಮೇಲೆ ವಿಪರೀತ ಸಿಟ್ಟು ಬಂತು. ಅವರ ಎದೆ ಹಾಳುಮಾಡಿದ ಜಾಗವನ್ನು ಚೊಕ್ಕ ಮಾಡಲು ಅವರದೇ ಚಿನ್ನ ಬೇಕಾಯಿತೇ ಎಂದು. ಅದು ಬಿಸಿತುಪ್ಪದ ಹಾಗೆ ನನ್ನ ಬಾಯಲ್ಲಿ ಉಳಿಯಿತು. ಅಕ್ಕನ ಮನೆಗೆ ಹೋದಾಗಲೆಲ್ಲ ನಾನು ಹೆಚ್ಚು ಹೊತ್ತು ಕೂರದೆ ಎದ್ದು ಬರತೊಡಗಿದೆ.

ಹಾಗೆ ನಡೆಯಿತು. ತಿಂಗಳಿಗೊಂದು ಗುಂಡು. ಯಜಮಾನರು ಅದನ್ನು ಕಾಯುವ ರೀತಿ ನೋಡಿದರೆ ಅಯ್ಯೋ ಎನಿಸುತ್ತಿತ್ತು. ಭಾವ ಈ ನಡುವೆ ನನಗೆ ಬೆಸುಗೆ ಕಲಿಸಿದರು. ಯಾಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಊದಲು ನನಗೆ ಅವರಷ್ಟು ಬರಲಿಲ್ಲ, ಯಾರಿಗೂ ಬರುವುದಿಲ್ಲ, ಅದಕ್ಕೆ ಗ್ಯಾಸಿನ ಸಣ್ಣ ಟಾರ್ಚು ಹಿಡಿಯುವುದನ್ನು ಕಲಿಸಿದರು. ಅವರೇ ಈಗ ಊದುಗೊಳವೆ ಬಿಟ್ಟು ಟಾರ್ಚು ಹಿಡಿದಿದ್ದರು. ತಿದಿ ಎಂದು ಯಾರೂ ಕರೆಯುತ್ತಿರಲಿಲ್ಲ, ಯಾರಿಗೂ ಬಾಯಿ ಬರುತ್ತಿರಲಿಲ್ಲ. ಉಂಗುರ ತಂತಿಯಷ್ಟಾಯಿತು. ಬೆರಳಲ್ಲಿ ನಿಲ್ಲದೆ ಜಾರಿತು, ಜೇಬಿಗೆ ಹೋಯಿತು, ಅಲ್ಲಿಂದ ಪುಡಿಪುಡಿಯಾಗಿ ಬಟ್ಟೆ ಸೇರಿ ಮುಗಿಯಿತು. ಬಚ್ಚಲಲ್ಲಿ ಕಳೆದುಕೊಂಡೆ ಎಂದು ಅಕ್ಕನಿಗೆ ಹೇಳಿದರಂತೆ. ಅವಳು ಬಚ್ಚಲ ಮೋರಿಯನ್ನು ಬಗೆದು ಹುಡುಕಿ, ಸಿಗದೆ, ವಾರಗಟ್ಟಲೆ ಅವರನ್ನು ಬೈದಳು. ಒಂದು ಉಂಗುರ ಕಾಪಾಡಿಕೊಳ್ಳಲಾಗದವರು ಅಕ್ಕಸಾಲಿಯಂತೆ ಎಂದು. ಭಾವ ತಲೆ ತಗ್ಗಿಸಿ ಕೇಳಿಸಿಕೊಂಡರಂತೆ.

ಕೊನೆಗೆ ಒಂದು ದಿನ ಮೆಟ್ಟಿಲ ನಡುವೆ ಬಗ್ಗಿದವರು ಮೇಲೆ ಬರಲಿಲ್ಲ. ಗುನುಗ ಮತ್ತು ಕನ್ನಡಕದವನು ಕೈಹಿಡಿದು ಇಳಿಸಿ ಮನೆಗೆ ಕರೆದುಕೊಂಡು ಹೋದರು. ಆಮೇಲೆ ಅವರು ಮಂಚ ಬಿಟ್ಟು ಏಳಲಿಲ್ಲ. ದಿಂಬುಗಳನ್ನು ಬೆನ್ನಿಗೆ ಒಟ್ಟಿಕೊಂಡು, ಕೂತೇ ನಿದ್ದೆ, ಕೂತೇ ಊಟ. ಅವರ ಅರ, ಚಿಮಟ, ಊದುಗೊಳವೆಗಳನ್ನು ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ತುಂಬಿ ನಾನೇ ಮನೆಗೆ ಒಯ್ದು ಕೊಟ್ಟೆ. ಯಜಮಾನರು ನನ್ನನ್ನು ಕರೆದು, ಅವನ ಜಾಗ ಖಾಲಿ ಇಡಲಾಗುವುದಿಲ್ಲ, ನಿನಗೆ ಕೆಲಸ ಬರುತ್ತದಂತಲ್ಲ, ಅಲ್ಲಿ ಕೂತುಕೋ ಎಂದರು. ಕೂತೆ. ಮೆರುಗಿನ ಯಂತ್ರದ ಹೀರುಗೊಳವೆ ಬಿಟ್ಟು ಬಂದವಳಿಗೆ ಈಗ ಆ ಸೀಳುಬಾಯಿ ಒಂದೇ ದಿಕ್ಕು. ಭಾವ ಕಟ್ಟಿದ ಇಟ್ಟಿಗೆಯ ಅಡ್ಡ ನನ್ನ ಮುಂದೆಯೇ ಇತ್ತು, ಹೊಗೆ ಅದರ ಮೇಲಿಂದ ಬಾಗಿ ಒಳಗೆ ಹೋಗುವುದನ್ನು ನೋಡುತ್ತಾ ಕೆಲಸ ಮಾಡುತ್ತಿದ್ದೆ.

ಆ ತಿಂಗಳ ಬಟ್ಟೆ ಸುಟ್ಟೆ. ಮೂಸೆ ಬಗ್ಗಿಸಿದರೆ ಗಸಿ ಬಿಟ್ಟು ಏನೂ ಬರಲಿಲ್ಲ. ಯಜಮಾನರು ಗಸಿಯನ್ನು ಸುತ್ತಿಗೆಯಿಂದ ಒಡೆದು, ಪುಡಿ ಮಾಡಿ, ಬೆರಳಲ್ಲಿ ಕೆದಕಿದರು. ಬಿಸಿ ಸರಿಯಾಗಿ ಹತ್ತಿಲ್ಲವೇನೋ, ಮುಂದಿನ ತಿಂಗಳು ಎರಡೂ ತಿಂಗಳದ್ದು ಸೇರಿ ಬರಬಹುದು ಎಂದು ನಾನು ಏನೋ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು.

"ಅವನಿದ್ದಾಗ ಬರ್ತಿತ್ತು. ನೀನು ಕೂತ ತಿಂಗಳೇ ನಿಂತುಹೋಯ್ತು ಅಂದ್ರೆ ನಾನು ಏನಂದ್ಕೋಬೇಕಮ್ಮ? ಮುಂದಿನ ತಿಂಗಳು ನೋಡ್ತೀನಿ. ಬರ್ಲಿಲ್ಲ ಅಂದ್ರೆ ಫ್ಯಾನ್ ಬಿಚ್ಚಿಸ್ತೀನಿ."

ನನ್ನನ್ನು ಕಳ್ಳಿ ಎಂದರು. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ಬೇರೆ ದಿನವಾಗಿದ್ದರೆ ಟಾರ್ಚನ್ನು ಅಲ್ಲೇ ಎಸೆದು ಬರುತ್ತಿದ್ದೆ. ನಿಜ ಹೇಳಿಬಿಡೋಣ ಎಂದುಕೊಂಡರೆ, ಹೇಳಿದ ಗಳಿಗೆಯಲ್ಲೇ ಫ್ಯಾನು ನಿಲ್ಲುತ್ತದೆ. ಗುನುಗ ಮತ್ತೆ ಮೌನಿಯಾಗುತ್ತಾನೆ, ನಾನು ಮೆಟ್ಟಿಲ ನಡುವೆ ಚಪ್ಪಲಿ ಸರಿಮಾಡಿಕೊಳ್ಳತೊಡಗುತ್ತೇನೆ. ಸುಮ್ಮನಿದ್ದರೂ ಅದೇ ಗತಿ, ಒಂದು ತಿಂಗಳು ತಡವಾಗಿ. ನನ್ನ ಓಲೆಯನ್ನು ಉಜ್ಜಿ ಹಾಕೋಣವೆಂದರೆ ಅದು ಹಳದಿ ಚಿನ್ನ. ಹೊಗೆಯ ಚಿನ್ನ ಕೆಂಪಗಿರುತ್ತದೆಂದು ಬೀದಿಗೆಲ್ಲ ಸಾರಿದ ಯಜಮಾನರು ಒರೆಗಲ್ಲಿಗೆ ತಿಕ್ಕಿದ ಕೂಡಲೇ ಹಿಡಿದುಬಿಡುತ್ತಾರೆ. ಆ ಕೆಂಪು ಇನ್ನು ಉಳಿದಿರುವುದು ಲೋಕದಲ್ಲಿ ಒಂದೇ ಕಡೆ.

ರಜೆಯ ದಿನ ಮಧ್ಯಾಹ್ನ ಅಕ್ಕನ ಮನೆಗೆ ಹೋದೆ. ಭಾವ ಒಳಕೋಣೆಯಲ್ಲಿ ದಿಂಬಿಗೆ ಒರಗಿ ಕಣ್ಣು ಮುಚ್ಚಿದ್ದರು. ನನ್ನ ಹೆಜ್ಜೆ ಕೇಳಿ ಕಣ್ಣು ಬಿಟ್ಟು, "ಫ್ಯಾನ್ ಓಡ್ತಾ ಇದ್ಯಾ?" ಎಂದರು. ಓಡ್ತಾ ಇದೆ ಭಾವ ಎಂದೆ. ಅವರು ಮತ್ತೆ ಕಣ್ಣು ಮುಚ್ಚಿದರು. ನಾನು ಬಾಗಿಲು ಮುಂದೆ ಮಾಡಿ ಹೊರಗೆ ಬಂದೆ. ಅಕ್ಕ ಹೊಲಿಗೆ ಯಂತ್ರದ ಮುಂದೆ ಯಾರದೋ ಅಂಗಿಗೆ ತೋಳು ಕೂರಿಸುತ್ತಿದ್ದಳು. ಅವಳ ಪಕ್ಕ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಬಟ್ಟೆಯ ಮೂಲೆಯ ಪುಡಿ, ಬಚ್ಚಲಲ್ಲಿ ಕಳೆಯದ ಉಂಗುರ, ಖಾಲಿ ಮೂಸೆ, ಯಜಮಾನರು ನೋಡಿದ ನೋಟ. ಹೇಳುತ್ತಾ ಹೇಳುತ್ತಾ ನನಗೆ ಅಳು ಬಂತು. ಅಕ್ಕ ಅಳಲಿಲ್ಲ. ಯಂತ್ರದ ಸೂಜಿಯಿಂದ ಬಟ್ಟೆಯನ್ನು ಬಿಡಿಸಿ, ದಾರ ಕತ್ತರಿಸಿ, ಮಡಿಸಿ ಇಟ್ಟಳು.

"ನಾನು ಅವ್ರನ್ನ ಎಷ್ಟು ಬೈದೆ," ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಅವ್ರ ಜಾಗದಲ್ಲಿ ಈಗ ನೀನು ಕೂತ್ಕೋತೀಯಾ?"

ಹೂಂ ಎಂದೆ.

ಅಕ್ಕ ಎದ್ದು ನಲ್ಲಿಯ ಹತ್ತಿರ ಹೋಗಿ ಬೆರಳಿಗೆ ಸೋಪು ಹಚ್ಚಿ ಉಂಗುರವನ್ನು ಎಳೆದಳು. ವರ್ಷಗಟ್ಟಲೆ ಪೆಡಲು ತುಳಿದು ಕೂತಲ್ಲೇ ಕೂತು ಅವಳ ಮೈ ತುಂಬಿಕೊಂಡಿದೆ, ಬೆರಳೂ ದಪ್ಪವಾಗಿದೆ. ಉಂಗುರ ಇದ್ದಲ್ಲೇ ಸುತ್ತ ತಿರುಗುತ್ತಿತ್ತು, ಗೆಣ್ಣು ದಾಟುತ್ತಿರಲಿಲ್ಲ. ನಾನೂ ಎಳೆದು ನೋಡಿದೆ. ಬೆರಳು ಕೆಂಪಾಯಿತು, ಅವಳಿಗೆ ನೋವಾಯಿತು, ಅದು ಬರಲಿಲ್ಲ. ಕತ್ತರಿಸಿ ತೆಗೆಯಬಹುದು ಎಂದೆ. ಅವಳು ತಲೆಯಾಡಿಸಿ, ಕೈ ಒರೆಸಿಕೊಂಡು ಬಿಸ್ಕತ್ತಿನ ಡಬ್ಬಿ ತಂದಳು. ಅದರೊಳಗಿಂದ ಭಾವನ ಸಣ್ಣ ಅರವನ್ನು ಆರಿಸಿ ನನ್ನ ಕೈಗಿಟ್ಟಳು. ಹೊಲಿಗೆ ಯಂತ್ರದ ಹಲಗೆಯ ಮೇಲೆ ಒಂದು ಬಿಳಿ ಕಾಗದ ಹಾಸಿ, ಅದರ ಮೇಲೆ ತನ್ನ ಕೈಯನ್ನು ಚಾಚಿದಳು.

"ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ಲ ಅಂತ ನೀನು ಅವ್ರನ್ನ ಆಡ್ಕೋತಿದ್ದೆ. ಈಗ ನೀನೇ ಅರ ಹಿಡ್ಕೊಂಡು ಬಂದಿದೀಯ," ಎಂದಳು. ನಗಲು ನೋಡಿದಳು, ಆಗಲಿಲ್ಲ. "ಇದು ಬೆರಳಲ್ಲೇ ಇರ್ಲಿ. ತಿಂಗಳಿಗೊಂದ್ಸಲ ಬಾ. ಎಷ್ಟು ಬೇಕೋ ಅಷ್ಟೇ ತಗೊಂಡು ಹೋಗು."

ನಾನು ಅವಳ ಬೆರಳನ್ನು ಎಡಗೈಯಲ್ಲಿ ಹಿಡಿದೆ. ಸೂಜಿ ಚುಚ್ಚಿ ಚುಚ್ಚಿ ಅದರ ತುದಿ ಗಟ್ಟಿಯಾಗಿತ್ತು. ಚರ್ಮಕ್ಕೆ ತಾಗದ ಹಾಗೆ ಅರವನ್ನು ಓರೆಯಾಗಿ ಇಟ್ಟೆ. ಮೊದಲ ಎಳೆತಕ್ಕೆ ಕಾಗದದ ಮೇಲೆ ಏನೂ ಬೀಳಲಿಲ್ಲ. ಎರಡನೆಯದಕ್ಕೆ ಕೆಂಪು ಪುಡಿ ಸ್ವಲ್ಪ ಉದುರಿತು. ಮೂರನೆಯ ಸಲ ಎಳೆಯುವಾಗ ಒಳಕೋಣೆಯಿಂದ ಕೇಳಿಬರುತ್ತಿದ್ದ ಭಾವನ ಕೆಮ್ಮು ನಿಂತಿತು. ಅರದ ಸದ್ದು ಆ ಕಿವಿಗೆ ಹೊಸದಲ್ಲ. ನಾನು ಕೈ ತಡೆದೆ. ಅಕ್ಕ ಬಾಗಿಲ ಕಡೆ ನೋಡಿದಳು. ಒಳಗಿಂದ ಭಾವನ ದನಿ ಬಂತು, ಒಂದೊಂದು ಮಾತಿಗೂ ನಡುವೆ ಉಸಿರು ಹುಡುಕಿಕೊಳ್ಳುತ್ತಾ.

"ಒಂದೇ ಕಡೆ ತಿಕ್ಕಬೇಡ. ಸುತ್ತ ತಿರುಗಿಸ್ಕೊಂಡು ತೆಗಿ. ತುಂಬಾ ದಿನ ಬರ್ಬೇಕು ಅದು."

ಅಕ್ಕ ಇನ್ನೊಂದು ಕೈಯಿಂದ ಉಂಗುರವನ್ನು ಸ್ವಲ್ಪ ತಿರುಗಿಸಿ, ಕೈಯನ್ನು ಮತ್ತೆ ಕಾಗದದ ಮೇಲಿಟ್ಟಳು.